ಸಣ್ಣ ಕಾರಿಗೆ ಸೈಕಲ್ ರ್ಯಾಕ್ ಆರಿಸುವುದು ಹೇಗೆ: ಮೊದಲು ಕಾರು, ಆಮೇಲೆ ಸೈಕಲ್, ಕೊನೆಗೆ ರ್ಯಾಕ್

ಸಣ್ಣ ಕಾರಿನ ಮೇಲೋ ಹಿಂದೋ ಸೈಕಲ್ ಒಯ್ಯಲು ರ್ಯಾಕ್ ತಂದವರ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಡಬ್ಬ ಬಿಚ್ಚಿ ನೋಡಿದರೆ ಕೊಕ್ಕೆ ಕೂರಬೇಕಾದ ಜಾಗದಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ (ಹಿಂಬಾಗಿಲ ಮೇಲಂಚಿನ ರೆಕ್ಕೆಯಂಥ ತುಂಡು) ಇದೆ. ಅಥವಾ ರ್ಯಾಕ್ ಚೆನ್ನಾಗಿ ಕೂತಿದೆ, ಆದರೆ ಸೈಕಲ್ ನೇತುಹಾಕಿದ ಮೇಲೆ ನಂಬರ್ ಪ್ಲೇಟೇ ಕಾಣುವುದಿಲ್ಲ. ಇನ್ನು ಕೆಲವರಿಗೆ ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಅರ್ಧ ದಾರಿಯಲ್ಲಿ ಪಟ್ಟಿ ಸಡಿಲವಾಗಿ ಸೈಕಲ್ ಒಂದು ಕಡೆ ವಾಲಿರುತ್ತದೆ. ರ್ಯಾಕ್ ಸರಿ ಇಲ್ಲ ಅಂತ ಬೈಯುತ್ತಾರೆ. ಎಷ್ಟೋ ಸಲ ರ್ಯಾಕ್ ಸರಿಯಾಗೇ ಇರುತ್ತದೆ, ಆರಿಸಿದ ಕ್ರಮವೇ ತಲೆಕೆಳಗಾಗಿರುತ್ತದೆ.

ಕಾರು ಎಷ್ಟು ಭಾರ ತಡೆಯುತ್ತದೆ, ಅದರ ಮೈಮೇಲೆ ಎಲ್ಲಿ ಹಿಡಿತ ಸಿಗುತ್ತದೆ, ಸೈಕಲನ್ನು ಎಲ್ಲಿ ಹಿಡಿಯಬಹುದು, ಈ ಮೂರು ಮೊದಲು ಗೊತ್ತಾಗಬೇಕು. ಗೊತ್ತಾದ ಮೇಲೆ ಆಯ್ಕೆ ತಾನಾಗೇ ಒಂದೆರಡಕ್ಕೆ ಇಳಿಯುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಅಂಗಡಿಯ ಕಡೆ ಈಗಲೇ ಹೋಗಬೇಡಿ.

## ಕೈಯಲ್ಲಿ ಏನೇನು ಇರಬೇಕು

ಅಳತೆ ಟೇಪು, ಮನುಷ್ಯರು ನಿಂತು ತೂಕ ನೋಡುವ ತಕ್ಕಡಿ, ಕಾರಿನ ಜೊತೆ ಬಂದ ಮ್ಯಾನ್ಯುಯಲ್, ಫ್ರಿಜ್ಜಿಗೆ ಅಂಟಿಸುವಂಥ ಒಂದು ಚಿಕ್ಕ ಅಯಸ್ಕಾಂತ, ಫೋನ್ ಕ್ಯಾಮೆರಾ. ಮ್ಯಾನ್ಯುಯಲ್ ಕಳೆದುಹೋಗಿದ್ದರೆ ನಿಮ್ಮ ಮಾಡೆಲ್ ಮತ್ತು ವರ್ಷದ ಪ್ರತಿಯನ್ನು ಕಾರು ತಯಾರಕರ ಸೈಟಿನಲ್ಲೇ ಹುಡುಕಿ. ಅದೇ ಹೆಸರಿನ ಬೇರೆ ವರ್ಷದ ಕಾರಿನದು ಬೇಡ. ಹೆಸರು ಅದೇ ಇದ್ದರೂ ಛಾವಣಿ ಬದಲಾಗಿರಬಹುದು.

## ಹಂತ 1: ರ್ಯಾಕ್ ಬೇಕೇ ಬೇಕಾ ನೋಡಿ

ಒಂದೇ ಸೈಕಲ್, ಕಾರಿನಲ್ಲಿ ಒಬ್ಬರೋ ಇಬ್ಬರೋ ಅಷ್ಟೇ ಅಂದರೆ ಮೊದಲು ಒಳಗೆ ಇಟ್ಟು ನೋಡಿ. ಹಿಂದಿನ ಸೀಟು ಮಡಚಿ, ಸೈಕಲಿನ ಎರಡೂ ಚಕ್ರ ಬಿಚ್ಚಿ, ಚೈನ್ ಇರುವ ಕಡೆ ಮೇಲೆ ಬರುವಂತೆ ಮಲಗಿಸಿದರೆ ಎಷ್ಟೋ ಹ್ಯಾಚ್‌ಬ್ಯಾಕ್‌ಗಳಲ್ಲಿ ಹಿಡಿಸುತ್ತದೆ. ಕೆಳಗೆ ಹಳೆ ಬೆಡ್‌ಶೀಟ್ ಹಾಸಿ. ಸೈಕಲನ್ನು ಪಟ್ಟಿಯಿಂದ ಕಟ್ಟಲೇಬೇಕು, ಜೋರಾಗಿ ಬ್ರೇಕ್ ಹಾಕಿದರೆ ಅದು ಸೀದಾ ಮುಂದಿನ ಸೀಟಿಗೆ ಬರುತ್ತದೆ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಲಿವರ್ ಒತ್ತಬೇಡಿ. ಪ್ಯಾಡ್‌ಗಳು ಒಂದಕ್ಕೊಂದು ಅಂಟಿಕೊಂಡಂತೆ ಹತ್ತಿರ ಬಂದುಬಿಡುತ್ತವೆ, ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ. ನಡುವೆ ಮಡಚಿದ ರಟ್ಟಿನ ತುಂಡು ಸಿಕ್ಕಿಸಿಡಿ, ಸಾಕು.

ವರ್ಷಕ್ಕೆ ಒಂದೆರಡು ಸಲ ಒಯ್ಯುವವರಿಗೆ ಇಷ್ಟೇ ಸಾಕಾಗಬಹುದು. ಪ್ರತಿ ವಾರ ಎರಡು ಸೈಕಲ್ ಅಂದರೆ ಮುಂದೆ ಓದಿ.

## ಹಂತ 2: ಸೈಕಲ್ ತೂಗಿ

ಅಂದಾಜು ಬೇಡ. ಸೈಕಲ್ ಎತ್ತಿಕೊಂಡು ತಕ್ಕಡಿ ಮೇಲೆ ನಿಲ್ಲಿ, ಆಮೇಲೆ ಸೈಕಲ್ ಇಲ್ಲದೆ ನಿಲ್ಲಿ, ಕಳೆಯಿರಿ. ಸಾಮಾನ್ಯ ಗೇರ್ ಸೈಕಲ್ 12 ರಿಂದ 16 ಕೆ.ಜಿ. ಆಸುಪಾಸಿನಲ್ಲಿರುತ್ತದೆ. ಬ್ಯಾಟರಿ ಸೈಕಲ್ 20 ಕೆ.ಜಿ. ದಾಟುವುದು ಮಾಮೂಲು, ಕೆಲವು 25ನ್ನೂ ದಾಟುತ್ತವೆ. ಬ್ಯಾಟರಿ ಬಿಚ್ಚಲು ಬಂದರೆ ಬಿಚ್ಚಿ ತೂಗಿ. ಸಾಗಿಸುವಾಗಲೂ ಅದನ್ನು ಕಾರಿನ ಒಳಗೇ ಇಡಬೇಕು.

ಲಾಕು, ಬಾಟಲಿ, ಪಂಪು, ಚೀಲ, ಮಕ್ಕಳ ಸೀಟು ಎಲ್ಲ ತೆಗೆದು ತೂಗಿ, ತೆಗೆದೇ ಒಯ್ಯಿರಿ. ತೂಕದ ಮಾತು ಒಂದು ಕಡೆ ಇರಲಿ, ಗಾಳಿಗೆ ಹಾರಿ ಹಿಂದೆ ಬರುವವರ ಗಾಜಿಗೆ ಬಡಿಯುವುದು ಇಂಥ ಸಾಮಾನುಗಳೇ.

## ಹಂತ 3: ಮ್ಯಾನ್ಯುಯಲ್‌ನಲ್ಲಿ ಮೂರು ವಿಷಯ ಹುಡುಕಿ

ಮೊದಲನೆಯದು, ಛಾವಣಿ ಎಷ್ಟು ಭಾರ ಹೊರಬಹುದು. ಸಣ್ಣ ಕಾರುಗಳಲ್ಲಿ 50 ಕೆ.ಜಿ. ಆಸುಪಾಸು ಸಾಮಾನ್ಯ. ಇನ್ನೂ ಕಡಿಮೆ ಇರುವುದೂ ಉಂಟು, ಕೆಲವು ಕಾರುಗಳಿಗೆ ಛಾವಣಿ ಮೇಲೆ ಏನೂ ಹಾಕಲೇಬೇಡಿ ಅಂತ ಬರೆದಿರುತ್ತದೆ. ಎರಡು ಸಂಖ್ಯೆ ಕೊಟ್ಟಿದ್ದರೆ ಕಾರು ಓಡುವಾಗಿನದನ್ನು ತೆಗೆದುಕೊಳ್ಳಿ. ನಿಂತ ಕಾರಿನ ಸಂಖ್ಯೆ ದೊಡ್ಡದಿರುತ್ತದೆ, ಅದು ನಮ್ಮ ಕೆಲಸಕ್ಕೆ ಬಾರದು.

ಎರಡನೆಯದು, ಟೋ ಬಾರ್ (ಟ್ರೇಲರ್ ಎಳೆಯಲು ಕಾರಿನ ಹಿಂದೆ ಕೂರಿಸುವ ಕೊಂಡಿ) ಇದ್ದರೆ ಅದರ ಮೇಲೆ ನೇರವಾಗಿ ಕೆಳಕ್ಕೆ ಎಷ್ಟು ಭಾರ ಬೀಳಬಹುದು ಅನ್ನುವುದು. ಎಳೆಯುವ ಭಾರ ಬೇರೆ, ಮೇಲೆ ಕೂರುವ ಭಾರ ಬೇರೆ. ನೂರಾರು ಕೆ.ಜಿ. ಟ್ರೇಲರ್ ಎಳೆಯುವ ಕಾರಿನ ಟೋ ಬಾರ್ ಕೂಡ ಮೇಲೆ 50 ಕೆ.ಜಿ. ಅಷ್ಟೇ ತಡೆಯಬಹುದು. ಟೋ ಬಾರ್‌ಗೂ ಅದರದೇ ಮಿತಿ ಅಚ್ಚಾದ ಲೇಬಲ್ ಇರುತ್ತದೆ. ಎರಡರಲ್ಲಿ ಕಡಿಮೆ ಯಾವುದೋ ಅದೇ ನಿಮ್ಮ ಮಿತಿ.

ಮೂರನೆಯದನ್ನು ಯಾರೂ ನೋಡುವುದಿಲ್ಲ. ಹಿಂಬಾಗಿಲಿಗೆ ರ್ಯಾಕ್ ಕಟ್ಟಬಾರದು ಅಂತ ಎಲ್ಲಾದರೂ ಬರೆದಿದೆಯಾ? ಬರೆದಿದ್ದರೆ ವಾದ ಮಾಡದೆ ಒಪ್ಪಿಕೊಳ್ಳಿ.

ಈಗ ಲೆಕ್ಕ. ಎಡವುವುದು ಇಲ್ಲೇ. ಛಾವಣಿ ಮಿತಿ 50 ಕೆ.ಜಿ. ಅಂದರೆ 50 ಕೆ.ಜಿ. ಸೈಕಲ್ ಅಂತ ಅರ್ಥ ಅಲ್ಲ. ಕ್ರಾಸ್ ಬಾರ್ (ಛಾವಣಿಗೆ ಅಡ್ಡ ಕೂರಿಸುವ ಸಲಾಕೆಗಳು), ಅದರ ಮೇಲೆ ಸೈಕಲ್ ನಿಲ್ಲಿಸುವ ಟ್ರೇ, ಸೈಕಲ್ ಎಲ್ಲ ಅದರೊಳಗೇ ಬರಬೇಕು. ಬಾರ್‌ಗಳು 5, ಎರಡು ಟ್ರೇ ತಲಾ 4, ಎರಡು ಸೈಕಲ್ ತಲಾ 14 ಅಂತಿಟ್ಟುಕೊಳ್ಳಿ: 5 + 8 + 28, ಒಟ್ಟು 41 ಕೆ.ಜಿ. ಪರವಾಗಿಲ್ಲ. ಅದೇ ಜಾಗಕ್ಕೆ ತಲಾ 24 ಕೆ.ಜಿ.ಯ ಎರಡು ಬ್ಯಾಟರಿ ಸೈಕಲ್ ಹಾಕಿದರೆ 61 ಆಗುತ್ತದೆ, ಆಟ ಮುಗಿಯಿತು. ಜೊತೆಗೆ ಒಂದೊಂದು ಟ್ರೇಗೂ ಬೇರೆ ಮಿತಿ ಇರುತ್ತದೆ, ಬಹಳಷ್ಟಕ್ಕೆ 15 ರಿಂದ 20 ಕೆ.ಜಿ. ಅಷ್ಟೇ.

ಟೋ ಬಾರ್‌ಗೂ ಹೀಗೇ ಲೆಕ್ಕ ಹಾಕಿ. ಅದಕ್ಕೆ ಕೂರುವ ರ್ಯಾಕ್ ಒಂದೇ 15 ರಿಂದ 20 ಕೆ.ಜಿ. ತೂಗುವುದುಂಟು.

## ಹಂತ 4: ಕಾರಿನ ಹಿಂಭಾಗವನ್ನು ಕೈಯಿಂದ ಮುಟ್ಟಿ ನೋಡಿ

ಡಿಕ್ಕಿ ಬಾಗಿಲು ತೆರೆದು ಅದರ ಮೇಲಿನ ಅಂಚಿನ ಮೇಲೆ ಬೆರಳು ಓಡಿಸಿ. ಹಿಂಬಾಗಿಲಿಗೆ ಪಟ್ಟಿಯಿಂದ ಕಟ್ಟುವ ರ್ಯಾಕಿನ ಕೊಕ್ಕೆ ಕೂರುವುದು ಅಲ್ಲೇ. ಅಂಚು ಗಟ್ಟಿ ತಗಡಾ, ಪ್ಲಾಸ್ಟಿಕ್ಕಾ, ಬರೀ ಗಾಜಾ? ಬಣ್ಣ ಬಳಿದ ಮೇಲೆ ಕಣ್ಣಿಗೆ ಎಲ್ಲ ಒಂದೇ ಥರ ಕಾಣುತ್ತವೆ. ಅಯಸ್ಕಾಂತ ಹಚ್ಚಿ ನೋಡಿ. ಕಚ್ಚಿಕೊಂಡರೆ ಉಕ್ಕು. ಜಾರಿ ಬಿದ್ದರೆ ಪ್ಲಾಸ್ಟಿಕ್ ಇರಬಹುದು, ಅಲ್ಯೂಮಿನಿಯಂ ಇರಬಹುದು, ಏನೇ ಇರಲಿ ಅದರ ಮೇಲೆ ಕೊಕ್ಕೆ ಹಾಕುವ ಮೊದಲು ರ್ಯಾಕ್ ತಯಾರಕರು ನಿಮ್ಮ ಮಾಡೆಲ್‌ಗೆ ಒಪ್ಪಿದ್ದಾರಾ ಅಂತ ನೋಡಲೇಬೇಕು.

ಇದೇ ರೀತಿ ಎಡ, ಬಲ, ಕೆಳ ಅಂಚುಗಳನ್ನೂ ನೋಡಿ. ಬಾಗಿಲು ಮುಚ್ಚಿದಾಗ ಕೊಕ್ಕೆ ತೂರುವಷ್ಟು ಸಂದು ಇದೆಯಾ? ರ್ಯಾಕಿನ ಕೆಳಗಿನ ಪಾದ ಎಲ್ಲಿ ಕೂರುತ್ತದೆ, ಬಂಪರ್ ಮೇಲಾ, ಬಾಗಿಲ ತಗಡಿನ ಮೇಲಾ? ಬಂಪರ್ ಮೇಲೆ ಕೂರುವುದು ವಾಸಿ. ಗಾಜಿನ ಮೇಲೆ ಭಾರ ಬೀಳುವಂತಿದ್ದರೆ ಬೇಡವೇ ಬೇಡ, ತಯಾರಕರು ಸ್ಪಷ್ಟವಾಗಿ ಒಪ್ಪಿದ್ದರೆ ಮಾತ್ರ.

ಆಮೇಲೆ ಛಾವಣಿ. ಉದ್ದಕ್ಕೆ ರೇಲ್ ಇದೆಯಾ? ಇದ್ದರೆ ಅದರ ಕೆಳಗೆ ಬೆರಳು ತೂರುತ್ತದಾ, ಇಲ್ಲ ಛಾವಣಿಗೆ ಅಂಟಿಕೊಂಡಂತಿದೆಯಾ? ಈ ಎರಡಕ್ಕೂ ಕ್ರಾಸ್ ಬಾರ್ ಹಿಡಿದು ನಿಲ್ಲಿಸುವ ಬೇರೆ ಬೇರೆ ಪಾದ ಬೇಕು. ರೇಲ್ ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಕಚ್ಚಿಕೊಳ್ಳುವ ಪಾದ, ಅದಕ್ಕೆ ನಿಮ್ಮ ಕಾರಿಗೇ ಮಾಡಿದ ಕ್ಲಿಪ್ ಸೆಟ್ ಬೇಕು. ಕೆಲವು ರೇಲ್‌ಗಳು ಸುಮ್ನೆ ಅಂದಕ್ಕೆ ಅಂಟಿಸಿದವು, ಭಾರ ತಡೆಯುವುದಿಲ್ಲ. ಗಾಜಿನ ಛಾವಣಿ ಇದ್ದರೆ ಮ್ಯಾನ್ಯುಯಲ್ ಏನು ಹೇಳುತ್ತದೋ ಅಷ್ಟೇ.

ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಮ್ಮ ಬಾಯಿಮಾತಿಗಿಂತ ಆ ಫೋಟೋಗಳು ಜಾಸ್ತಿ ಕೆಲಸ ಮಾಡುತ್ತವೆ.

## ಹಂತ 5: ಬಗೆ ಆರಿಸಿ

### ಹಿಂಬಾಗಿಲಿಗೆ ಪಟ್ಟಿಯಿಂದ ಕಟ್ಟುವುದು

ಬೆಲೆ ಕಡಿಮೆ, ಮಡಚಿದರೆ ಡಿಕ್ಕಿಯಲ್ಲೇ ಹಿಡಿಸುತ್ತದೆ, ಕಾರಿಗೆ ಬೇರೆ ಏನೂ ಕೂರಿಸಬೇಕಾಗಿಲ್ಲ. ಜಾಸ್ತಿ ಜನ ಇದನ್ನೇ ತರುತ್ತಾರೆ, ಜಾಸ್ತಿ ತೊಂದರೆಯೂ ಇದರಿಂದಲೇ. ಇಡೀ ರ್ಯಾಕ್ ನಿಂತಿರುವುದು ಆರೆಂಟು ಕೊಕ್ಕೆಗಳ ಮೇಲೆ. ಮೇಲಿನ ಪಟ್ಟಿಗಳು ಭಾರ ಹೊರುತ್ತವೆ, ಕೆಳಗಿನವು ರ್ಯಾಕ್ ಕುಣಿಯದಂತೆ ಹಿಡಿಯುತ್ತವೆ, ಪಕ್ಕದವು ಅತ್ತಿತ್ತ ಸರಿಯದಂತೆ ತಡೆಯುತ್ತವೆ. ಪಕ್ಕದ ಪಟ್ಟಿ ಇಲ್ಲದ ಅಗ್ಗದ ರ್ಯಾಕ್ ಬೇಡ.

ಎರಡು ಸೈಕಲ್ ಮೀರಬೇಡಿ, ರ್ಯಾಕಿನ ಮೇಲೆ ಮೂರು ಅಂತ ಬರೆದಿದ್ದರೂ ಸಣ್ಣ ಕಾರಿಗೆ ಎರಡೇ ಅಂತ ನನ್ನ ಅಭಿಪ್ರಾಯ. ತುಂಬಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಳ್ಳುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವೋ, ಬಾಗಿಲಿಗೆ ಹತ್ತಿರದ ಸೈಕಲಿಗೂ ತುದಿಯಲ್ಲಿ ನೇತಾಡುವ ಮೂರನೆಯದಕ್ಕೂ ಅಷ್ಟೇ ವ್ಯತ್ಯಾಸ. ಭಾರ ಅದೇ, ಆದರೆ ಕೊಕ್ಕೆ ಮೇಲಿನ ಎಳೆತ ಎಷ್ಟೋ ಪಟ್ಟು. ಭಾರದ ಸೈಕಲನ್ನು ಯಾವಾಗಲೂ ಕಾರಿಗೆ ಹತ್ತಿರ ಹಾಕಿ.

ರ್ಯಾಕ್ ಇರುವಷ್ಟು ಹೊತ್ತು ಡಿಕ್ಕಿ ತೆರೆಯುವಂತಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಬ್ಯಾಟರಿ ಸೈಕಲಿಗೆ ಈ ಬಗೆ ಸಾಮಾನ್ಯವಾಗಿ ಆಗಿಬರುವುದಿಲ್ಲ.

### ಛಾವಣಿ ಮೇಲೆ

ನಂಬರ್ ಪ್ಲೇಟ್, ದೀಪ, ಡಿಕ್ಕಿ ಯಾವುದಕ್ಕೂ ಅಡ್ಡಿ ಇಲ್ಲ. ಸಣ್ಣ ಕಾರಿನ ಛಾವಣಿ ಎತ್ತರ ಇಲ್ಲದ್ದರಿಂದ ಸೈಕಲ್ ಎತ್ತಿಡುವುದೂ ಅಷ್ಟು ಕಷ್ಟ ಅಲ್ಲ. ಗಾಳಿಯ ತಡೆ ಮಾತ್ರ ಜಾಸ್ತಿ, ಕಾರು ಇಂಧನ ಹೆಚ್ಚು ಕುಡಿಯುತ್ತದೆ, ಪಕ್ಕದಿಂದ ಗಾಳಿ ಹೊಡೆದರೆ ಹಗುರ ಕಾರು ತೂಗಾಡುವುದು ಸ್ಟೀರಿಂಗ್‌ನಲ್ಲೇ ಗೊತ್ತಾಗುತ್ತದೆ.

ಗಿಡ್ಡ ಛಾವಣಿಯಲ್ಲಿ ಇನ್ನೊಂದು ತೊಡಕಿದೆ. ಎರಡು ಬಾರ್‌ಗಳ ನಡುವೆ ಕನಿಷ್ಠ ಎಷ್ಟು ಅಂತರ ಇರಬೇಕು ಅಂತ ಟ್ರೇ ತಯಾರಕರು ಬರೆದಿರುತ್ತಾರೆ. ನಿಮ್ಮ ಕಾರಿನಲ್ಲಿ ಅಷ್ಟು ಜಾಗ ಸಿಗುತ್ತದಾ ಅಳೆಯಿರಿ. ಡಿಕ್ಕಿ ಬಾಗಿಲು ಮೇಲೆದ್ದಾಗ ಟ್ರೇಯ ಹಿಂದಿನ ತುದಿಗೆ ತಗಲುತ್ತದಾ ಅನ್ನುವುದನ್ನೂ ನೋಡಿ.

### ಟೋ ಬಾರ್ ಮೇಲೆ

ಟೋ ಬಾರ್ ಆಗಲೇ ಇದ್ದು ಲೆಕ್ಕವೂ ಸರಿಹೋದರೆ ಜಾಸ್ತಿ ಯೋಚನೆ ಬೇಡ, ಇದೇ ಒಳ್ಳೆಯದು. ಕೆಳಮಟ್ಟದಲ್ಲಿರುತ್ತದೆ, ಬಣ್ಣಕ್ಕೆ ತಾಗುವುದಿಲ್ಲ, ಚಕ್ರದ ಮೇಲೆ ನಿಲ್ಲಿಸುವ ಬಗೆಯಾದರೆ ಫ್ರೇಮ್ ಆಕಾರದ ತಲೆನೋವೂ ಕಡಿಮೆ. ಬ್ಯಾಟರಿ ಸೈಕಲ್ ಹೊರಗೆ ಒಯ್ಯಬೇಕಾದರೆ ನಾನಂತೂ ಇದನ್ನೇ ಹೇಳುವುದು. ಗುಂಡು ತಲೆಯ ಟೋ ಬಾರ್‌ಗೂ ಚೌಕ ಕೊಳವೆಯದಕ್ಕೂ ರ್ಯಾಕ್ ಬೇರೆ. ಚೌಕ ಕೊಳವೆಯಲ್ಲೂ ಒಂದೂಕಾಲು ಇಂಚು, ಎರಡು ಇಂಚು ಅಂತ ಎರಡು ಅಳತೆ ಸಾಮಾನ್ಯ, ಸಣ್ಣ ಕಾರುಗಳಿಗೆ ಚಿಕ್ಕದೇ ಇರಬಹುದು. ಕಾರು ಕೆಳಮಟ್ಟದ್ದಾದರೆ ಇಳಿಜಾರು ಹತ್ತುವಾಗ ರ್ಯಾಕಿನ ಬಾಲ ನೆಲಕ್ಕೆ ಉಜ್ಜುತ್ತದೆ, ಅದನ್ನೂ ನೋಡಿಕೊಳ್ಳಿ.

### ಗಾಳಿ ಎಳೆದು ಅಂಟಿಸುವ ರಬ್ಬರ್ ಕಪ್ಪಿನವು

ರೇಲ್, ಬಾರ್, ಟೋ ಬಾರ್ ಏನೂ ಇಲ್ಲದ ಕಾರಿಗೆ ಉಪಯೋಗ. ಮೇಲ್ಮೈ ಶುಚಿಯಾಗಿ, ಸಪಾಟಾಗಿ ಇರಬೇಕು, ಹೊರಡುವ ಮುಂಚೆ ಮತ್ತು ದಾರಿಯಲ್ಲಿ ನಿಂತಾಗಲೆಲ್ಲ ಕಪ್ಪಿನ ಗಾಳಿ ಎಳೆಯುವ ಪಂಪಿನ ಮೇಲೆ ಹಿಡಿತ ತೋರಿಸುವ ಗುರುತು ನೋಡಬೇಕು. ಈ ಶಿಸ್ತು ಇಲ್ಲದವರಿಗೆ ಅಲ್ಲ.

## ಹಂತ 6: ಸೈಕಲನ್ನು ಎಲ್ಲಿ ಹಿಡಿಯುತ್ತೀರಿ?

ಪಟ್ಟಿ ರ್ಯಾಕ್‌ಗಳು ಫ್ರೇಮಿನ ಮೇಲಿನ ಅಡ್ಡ ಕೊಳವೆಯಿಂದ ಸೈಕಲನ್ನು ನೇತುಹಾಕುತ್ತವೆ. ಮಕ್ಕಳ ಸೈಕಲ್, ಲೇಡೀಸ್ ಸೈಕಲ್, ಕೊಳವೆ ಓರೆಯಾಗಿರುವ ಮೌಂಟನ್ ಸೈಕಲ್ ಇದ್ದರೆ ಸೀಟಿನ ಕಂಬದಿಂದ ಹ್ಯಾಂಡಲ್‌ವರೆಗೆ ಕೂರುವ ಒಂದು ಅಡ್ಡ ಸಲಾಕೆ ಬೇರೆ ತಗೊಳ್ಳಬೇಕು. ಅದರ ಭಾರದ ಮಿತಿಯನ್ನೂ ಓದಿ.

ಕಾರ್ಬನ್ ಫ್ರೇಮ್ ಆದರೆ ಕೊಳವೆಯನ್ನು ಹಿಂಡುವ ಯಾವ ಹಿಡಿಕೆಯೂ ಬೇಡ. ಉದ್ದಕ್ಕೆ ಬಲಶಾಲಿಯಾದ ಕೊಳವೆ ಅಡ್ಡಕ್ಕೆ ಹಿಸುಕಿದರೆ ಬಿರುಕು ಬಿಡಬಹುದು, ಆ ಬಿರುಕು ಹೊರಗಿನಿಂದ ಕಾಣದೆಯೂ ಇರಬಹುದು. ಚಕ್ರ ಹಿಡಿಯುವ ಟ್ರೇ ಇಲ್ಲವೇ ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವೆ) ಹಿಡಿಯುವ ಟ್ರೇ ಆರಿಸಿ. ಫೋರ್ಕ್ ಹಿಡಿಯುವುದಾದರೆ ಮುಂದಿನ ಚಕ್ರದ ಅಚ್ಚಿನ (ಆಕ್ಸಲ್) ಅಳತೆ ಗೊತ್ತಿರಬೇಕು. ಲಿವರ್ ಎತ್ತಿ ಚಕ್ರ ಬಿಚ್ಚುವ ಹಳೆ ಕ್ವಿಕ್ ರಿಲೀಸ್‌ಗೆ ಒಂದು, 12 ಮಿ.ಮೀ. ಅಚ್ಚಿಗೆ ಇನ್ನೊಂದು, 15 ಮಿ.ಮೀ.ಗೆ ಮತ್ತೊಂದು ಅಡಾಪ್ಟರ್.

ಟೈರ್ ಅಗಲವನ್ನೂ ಅಳೆದುಕೊಳ್ಳಿ. ಮಡ್‌ಗಾರ್ಡ್ ಇದ್ದರೆ ಟೈರನ್ನು ಮೇಲಿನಿಂದ ಒತ್ತುವ ಕೊಕ್ಕೆ ಅದನ್ನು ಪುಡಿ ಮಾಡುತ್ತದೆ.

## ಹಂತ 7: ಹೊರಗೆ ಎಷ್ಟು ಚಾಚುತ್ತದೆ, ಏನು ಮುಚ್ಚುತ್ತದೆ

ದೊಡ್ಡವರ ಸೈಕಲ್ ಸುಮಾರು 1.7 ರಿಂದ 1.8 ಮೀ. ಉದ್ದ. ಸಣ್ಣ ಕಾರಿನ ಅಗಲ ಸುಮಾರು 1.6 ರಿಂದ 1.7 ಮೀ. ಅಂದರೆ ಹಿಂದೆ ಅಡ್ಡ ಹಾಕಿದ ಸೈಕಲಿನ ಟೈರ್ ಕಾರಿನ ಮೈಯಿಂದ ಹೊರಗೆ ಬರುವುದು ಬಹುತೇಕ ಖಚಿತ. ದೊಡ್ಡ ಕಾರಿನವರ ಸಲಹೆ ನಮಗೆ ಹೊಂದದೇ ಇರುವುದಕ್ಕೆ ಇದೂ ಒಂದು ಕಾರಣ. ಮುಂದಿನ ಚಕ್ರ ಬಿಚ್ಚಿದರೆ ಉದ್ದ 1.4 ಮೀ. ಆಸುಪಾಸಿಗೆ ಇಳಿಯುತ್ತದೆ. ಎಷ್ಟು ಹೊರಗೆ ಚಾಚಬಹುದು ಅನ್ನುವುದಕ್ಕೆ ನೀವು ಓಡಿಸುವ ಊರಿನ ನಿಯಮ ನೋಡಿಕೊಳ್ಳಿ.

ಆಮೇಲೆ ಹಿಂದಿನಿಂದ ನೋಡಿ. ನಂಬರ್ ಪ್ಲೇಟ್, ಬ್ರೇಕ್ ದೀಪ, ಇಂಡಿಕೇಟರ್ ಇವುಗಳಲ್ಲಿ ಒಂದು ಮುಚ್ಚಿದರೂ ಕಷ್ಟ. ಪೆಡಲ್ ತಿರುಗಿಸಿ, ಸೈಕಲ್ ಸ್ವಲ್ಪ ಮೇಲೆತ್ತಿ ಪ್ರಯತ್ನಿಸಬಹುದು, ಆಗದಿದ್ದರೆ ದೀಪ ಮತ್ತು ನಂಬರ್ ಪ್ಲೇಟ್ ಇರುವ ಹೆಚ್ಚುವರಿ ಹಲಗೆ ಬೇಕು. ಅದಕ್ಕೆ ಕರೆಂಟು ಎಲ್ಲಿಂದ ಅಂತ ಈಗಲೇ ಕೇಳಿ, ಟೋ ಬಾರ್ ಇಲ್ಲದ ಕಾರಿನಲ್ಲಿ ಅದರ ಪ್ಲಗ್ ಕೂಡ ಇರುವುದಿಲ್ಲ.

ಸೈಲೆನ್ಸರ್ ಮರೆಯಬೇಡಿ. ಕೊಳವೆಯ ಬಾಯಿಗೆ ನೇರವಾಗಿ ಟೈರ್ ಇದ್ದರೆ ಬಿಸಿ ಹೊಗೆಗೆ ರಬ್ಬರ್ ಕರಗುತ್ತದೆ, ಕಾರ್ಬನ್ ರಿಮ್ ಕೂಡ ಹಾಳಾಗುತ್ತದೆ.

ಛಾವಣಿಯವರು ಎತ್ತರ ಅಳೆಯಿರಿ. 1.5 ಮೀ. ಕಾರಿನ ಮೇಲೆ ಸೈಕಲ್ ನಿಲ್ಲಿಸಿದರೆ ಒಟ್ಟು 2.5 ಮೀ. ದಾಟುತ್ತದೆ. ನೆಲಮಾಳಿಗೆ ಪಾರ್ಕಿಂಗ್‌ಗಳಲ್ಲಿ 2 ಮೀ. ಚಿಲ್ಲರೆ ಎತ್ತರ ಸಾಮಾನ್ಯ, ಮನೆಯ ಗ್ಯಾರೇಜ್ ಬಾಗಿಲೂ ಅಷ್ಟೇ. ನಿಮ್ಮ ಒಟ್ಟು ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಎದುರಿಗೆ ಅಂಟಿಸಿ. ನೆನಪಿರುತ್ತದೆ ಅಂತ ಬಿಟ್ಟರೆ, ಮನೆ ತಲುಪಿದ ಖುಷಿಯಲ್ಲಿ ಸೀದಾ ಗ್ಯಾರೇಜಿಗೆ ನುಗ್ಗುವುದೇ ಆಗುತ್ತದೆ.

## ಹಂತ 8: ಈಗ ಅಂಗಡಿಗೆ ಹೋಗಿ

ರ್ಯಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಕಾರಿನ ಮಾಡೆಲ್, ವರ್ಷ, ಬಾಗಿಲುಗಳ ಸಂಖ್ಯೆ, ಸ್ಪಾಯ್ಲರ್ ಇದೆಯೋ ಇಲ್ಲವೋ, ನಾಲ್ಕೂ ಹೊಂದಬೇಕು. ‘ಎಲ್ಲ ಕಾರಿಗೂ ಆಗುತ್ತೆ ಸರ್’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಸಾಧ್ಯವಾದರೆ ಅಂಗಡಿ ಮುಂದೆಯೇ ನಿಮ್ಮ ಕಾರಿಗೆ ಕೂರಿಸಿ, ನಿಮ್ಮದೇ ಸೈಕಲ್ ಹಾಕಿ ನೋಡಿ. ಆಗುವುದಿಲ್ಲ ಅಂದರೆ ವಾಪಸ್ ತಗೊಳ್ಳುತ್ತಾರಾ ಅಂತ ಬಿಲ್ ಮಾಡುವ ಮುಂಚೆ ಕೇಳಿ.

ಹಳೆ ರ್ಯಾಕ್ ಕೊಳ್ಳುವುದಾದರೆ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಬಿಸಿಲಿಗೆ ಬಣ್ಣ ಹೋಗಿ, ಮಡಚಿದರೆ ಪುಡಿ ಉದುರುವಂಥ ಪಟ್ಟಿ ಬೇಡ. ಕೊಕ್ಕೆಯ ಮೇಲಿನ ರಬ್ಬರ್ ಕಿತ್ತುಹೋಗಿದ್ದರೆ, ಬಕಲ್ ಹಲ್ಲು ಸವೆದು ಪಟ್ಟಿ ಜಾರುತ್ತಿದ್ದರೆ ಕೂಡ ಬೇಡ.

## ಹಂತ 9: ಕೂರಿಸಿ, ಅಲುಗಾಡಿಸಿ, ಸ್ವಲ್ಪ ದೂರ ಓಡಿಸಿ

ಮೊದಲು ಕಾರು ಒರೆಸಿ. ಪ್ಯಾಡಿನ ಕೆಳಗೆ ಸಿಕ್ಕಿದ ಮರಳು ದಾರಿಯುದ್ದಕ್ಕೂ ಬಣ್ಣ ಉಜ್ಜುತ್ತಾ ಇರುತ್ತದೆ.

ಪಟ್ಟಿ ರ್ಯಾಕ್ ಆದರೆ ಮೊದಲು ಮೇಲಿನ ಪಟ್ಟಿ, ಆಮೇಲೆ ಕೆಳಗಿನದು, ಕೊನೆಗೆ ಪಕ್ಕದವು. ನಿಮ್ಮ ರ್ಯಾಕಿನ ಪುಸ್ತಕ ಬೇರೆ ಕ್ರಮ ಹೇಳಿದರೆ ಅದನ್ನೇ ಕೇಳಿ. ಒಂದನ್ನೇ ಪೂರ್ತಿ ಬಿಗಿಯಬೇಡಿ, ಎಡ ಬಲ ಸ್ವಲ್ಪ ಸ್ವಲ್ಪ ಎಳೆಯುತ್ತಾ ಬನ್ನಿ. ಸೈಕಲ್ ಹೊರುವ ತೋಳುಗಳು ಸ್ವಲ್ಪ ಮೇಲ್ಮುಖವಾಗಿರಲಿ. ಛಾವಣಿ ಬಾರ್ ಆದರೆ ಜೊತೆಗೆ ಬಂದ ಕೀಯನ್ನೇ ಬಳಸಿ, ಜೋರಾಗಿ ತಿರುಗಿಸಿದರೆ ಒಳ್ಳೆಯದು ಅಂತೇನಿಲ್ಲ, ಬಾಗಿಲ ಚೌಕಟ್ಟು ಒಳಕ್ಕೆ ಹೋಗುತ್ತದೆ.

ಸೈಕಲ್ ಹಾಕಿದ ಮೇಲೆ ಚಕ್ರಗಳನ್ನು ಫ್ರೇಮಿಗೆ ಕಟ್ಟಿ, ಹ್ಯಾಂಡಲ್ ತಿರುಗದಂತೆ ಕಟ್ಟಿ, ಕಾರಿಗೆ ತಾಗುವ ಪೆಡಲಿಗೆ ಬಟ್ಟೆ ಸುತ್ತಿ. ರ್ಯಾಕಿನ ಪಟ್ಟಿಯನ್ನೇ ನೆಚ್ಚಿಕೊಳ್ಳದೆ ಇನ್ನೊಂದು ಪಟ್ಟಿಯಿಂದ ಸೈಕಲನ್ನು ಕಾರಿಗೋ ಟೋ ಬಾರ್‌ಗೋ ಬೇರೆಯಾಗಿ ಕಟ್ಟುವುದು ಒಳ್ಳೆಯದು. ನೇತಾಡುವ ಪಟ್ಟಿ ತುದಿಗಳನ್ನು ಗಂಟು ಹಾಕಿ. ಸೈಕಲಿಗೆ ಮಳೆ ಹೊದಿಕೆ ಹಾಕಬೇಡಿ, ಗಾಳಿ ತುಂಬಿಕೊಂಡು ರ್ಯಾಕನ್ನೇ ಎಳೆಯುತ್ತದೆ. ಹಿಂದಿನ ವೈಪರ್ ಆಫ್ ಮಾಡಿ. ಕೆಲವು ಕಾರುಗಳಲ್ಲಿ ಮುಂದಿನ ವೈಪರ್ ಓಡುವಾಗ ರಿವರ್ಸ್ ಹಾಕಿದರೆ ಹಿಂದಿನದೂ ತಾನಾಗೇ ತಿರುಗುತ್ತದೆ. ರಿವರ್ಸ್ ಸೆನ್ಸರ್ ಕೂಗುತ್ತಲೇ ಇರುತ್ತದೆ, ಅದನ್ನು ನಂಬದೆ ಒಬ್ಬರನ್ನು ಇಳಿಸಿ ಹಿಂದೆ ನೋಡಲು ಹೇಳಿ.

ಈಗ ಸೈಕಲನ್ನೇ ಹಿಡಿದು ಜೋರಾಗಿ ಅಲುಗಾಡಿಸಿ. ರ್ಯಾಕ್ ಮತ್ತು ಕಾರು ಒಟ್ಟಿಗೆ ಅಲುಗಿದರೆ ಸರಿ. ಸೈಕಲ್ ಅಲುಗಿ ಕಾರು ಸುಮ್ಮನಿದ್ದರೆ ಎಲ್ಲೋ ಸಡಿಲ ಇದೆ.

ಹೊರಟು ನಾಲ್ಕೈದು ಕಿ.ಮೀ. ಆದ ಮೇಲೆ ಪಕ್ಕಕ್ಕೆ ನಿಲ್ಲಿಸಿ. ಪಟ್ಟಿಗಳು ಹೊಂದಿಕೊಂಡು ಸಡಿಲವಾಗಿರುತ್ತವೆ, ಮತ್ತೆ ಎಳೆಯಿರಿ. ಆಮೇಲೆ ಪ್ರತಿ ಸಲ ನಿಂತಾಗಲೂ ಒಂದು ಸುತ್ತು ಬನ್ನಿ. ರ್ಯಾಕಿನ ಪುಸ್ತಕದಲ್ಲಿ ವೇಗದ ಮಿತಿ ಬರೆದಿರುತ್ತದೆ, ಹಂಪುಗಳಲ್ಲಿ ಅದಕ್ಕಿಂತಲೂ ಬಹಳ ನಿಧಾನ.

## ಇವು ಕಂಡರೆ ತಕ್ಷಣ ನಿಲ್ಲಿಸಿ

ಕನ್ನಡಿಯಲ್ಲಿ ಹ್ಯಾಂಡಲ್ ಇದ್ದ ಜಾಗ ಬದಲಾಗಿದ್ದರೆ. ಹೊರಡುವಾಗಲೇ ಒಂದು ಗುರುತು ಇಟ್ಟುಕೊಳ್ಳಿ, ಹ್ಯಾಂಡಲ್ ತುದಿ ಹಿಂದಿನ ಗಾಜಿನ ಯಾವ ಮೂಲೆಗೆ ಬರುತ್ತದೆ ಅಂತ.

ಹೊಸದಾಗಿ ಟಕಟಕ ಸದ್ದು ಶುರುವಾದರೆ. ಛಾವಣಿ ಬಾರಿನ ಶಿಳ್ಳೆ ಮೊದಲಿನಿಂದ ಒಂದೇ ಥರ ಇದ್ದರೆ ಪರವಾಗಿಲ್ಲ, ಸದ್ದು ಬದಲಾದರೆ ಇಳಿದು ನೋಡಿ.

ರಬ್ಬರ್ ಸುಟ್ಟ ವಾಸನೆ ಬಂದರೆ. ಸೈಲೆನ್ಸರ್ ಬಾಯಿ ಮತ್ತು ಟೈರ್ ನಡುವಿನ ಅಂತರ ಮೊದಲು ನೋಡಿ.

ಮನೆಗೆ ಬಂದ ಮೇಲೆ ಕೊಕ್ಕೆ ಕೂತಿದ್ದ ಜಾಗದಲ್ಲಿ ತಗಡು ಬಾಗಿದ್ದರೆ, ಡಿಕ್ಕಿ ಬಾಗಿಲು ಮೊದಲಿನಂತೆ ಮುಚ್ಚದಿದ್ದರೆ, ಸ್ಪಾಯ್ಲರ್ ಬುಡದಲ್ಲಿ ಬಣ್ಣ ಬಿರುಕು ಬಿಟ್ಟಿದ್ದರೆ ಆ ರ್ಯಾಕ್ ಆ ಕಾರಿಗಲ್ಲ. ಇನ್ನೂ ಬಿಗಿ ಮಾಡಿದರೆ ಸರಿಹೋಗುತ್ತದೆ ಅಂತ ನೋಡಬೇಡಿ. ಹಂತ 4ಕ್ಕೆ ವಾಪಸ್ ಹೋಗಿ, ಅಯಸ್ಕಾಂತ ಹಿಡಿದು ಅದೇ ಜಾಗ ಮತ್ತೆ ನೋಡಿ.